ಹೊರೆ ಎಳೆಯುವ ಗಾಡಿಗೆ ಗಾಳಿಚೀಲ

ಎತ್ತಿನ ಗಾಡಿಗೆ ಹುಲ್ಲು ಹೇರುವುದನ್ನು ನೀವು ನೋಡಿರಬಹುದು. ಒಬ್ಬನು ಮೇಲೆ ನಿಂತು ಹೊರೆಯನ್ನು ಜೋಡಿಸುತ್ತಿದ್ದರೆ ಇನ್ನೊಬ್ಬನು ಕೆಳಗೆ ನಿಂತು ಆಗಾಗ ಮೂಕಿಯನ್ನು ಕೈಯಿಂದ ಎತ್ತಿ ಅದರ ತೂಕವನ್ನು ಅಂದಾಜು ಮಾಡುತ್ತಿರುತ್ತಾನೆ. ಮೂಕಿ ತಾನಾಗಿಯೇ ಮೇಲೇಳುವಂತಿದ್ದರೆ ಗಾಡಿ ಹಿಂಭಾರವಾಯಿತು; ನೊಗ ಮೇಲಕ್ಕೆ ಸರಿದು ಎತ್ತುಗಳ ಕೊರಳಿನ ಹಗ್ಗ ಬಿಗಿಯುತ್ತದೆ. ಮೂಕಿಯನ್ನು ಎತ್ತಲಾಗದಷ್ಟು ಭಾರವಾದರೆ ಮುಂಭಾರವಾಯಿತು. ಎತ್ತಿನ ಹೆಗಲು ಹುಣ್ಣಾಗುತ್ತದೆ. ಹೊರೆಯ ಒಟ್ಟು ತೂಕ ಎಷ್ಟೆಂಬುದರಷ್ಟೇ ಮುಖ್ಯವಾದುದು ಅದು ಎಲ್ಲಿ ಕುಳಿತಿದೆ ಎಂಬುದು. ಇದನ್ನು ನಮ್ಮ ರೈತನಿಗೆ ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ.

ಇದೇ ಲೆಕ್ಕ ಮೋಟಾರು ಗಾಡಿಗೂ ಉಂಟು. ಆದರೆ ಅಲ್ಲಿ ಎತ್ತು ನರಳುವುದಿಲ್ಲ. ಗಾಡಿ ಮೂಕವಾಗಿ ಹೊರುತ್ತದೆ. ಆದಕಾರಣ ತಪ್ಪು ಬೇಗನೆ ಗೊತ್ತಾಗುವುದಿಲ್ಲ. ಗೊತ್ತಾಗುವ ಒಂದೆರಡು ಗುರುತುಗಳನ್ನೂ ಮರೆಮಾಡಿಬಿಡುವ ಒಂದು ಸಾಧನ ಇಂದು ಅಮೆರಿಕದ ಅಂಗಡಿಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿದೆ. ಸಾಧನವೇನೋ ಒಳ್ಳೆಯದೇ. ಅದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದನ್ನು ಮಾತ್ರ ಸರಿಯಾಗಿ ತಿಳಿಯಬೇಕು. ಈ ಹೊತ್ತು ನಾನು ಹೇಳಬೇಕೆಂದಿರುವುದು ಅದರ ವಿಷಯ.

ಅಮೆರಿಕದಲ್ಲಿ ಪಿಕಪ್ ಎಂಬ ಗಾಡಿಯ ಬಳಕೆ ಬಹಳ. ಮುಂದೆ ನಾಲ್ಕೈದು ಜನ ಕೂರುವ ಕೋಣೆ, ಹಿಂದೆ ಸಾಮಾನು ಹಾಕುವ ತೆರೆದ ತೊಟ್ಟಿ. ಫೋರ್ಡ್ ಕಂಪನಿಯವರು ೧೯೨೫ರಲ್ಲಿ ತಮ್ಮ ಮಾಡೆಲ್ ಟಿ ಗಾಡಿಗೆ ಇಂಥ ತೊಟ್ಟಿಯನ್ನು ಕಾರ್ಖಾನೆಯಲ್ಲಿಯೇ ಕೂರಿಸಿ ಮಾರಲು ಆರಂಭಿಸಿದರು. ಅಂದು ರೈತನ ಗಾಡಿಯಾಗಿದ್ದುದು ಇಂದು ಸಂಸಾರದ ಗಾಡಿಯಾಗಿದೆ. ಬೇಸಿಗೆ ಬಂತೆಂದರೆ ಹಿಂದೆ ಒಂದು ಟ್ರೇಲರನ್ನು ಕಟ್ಟಿಕೊಂಡು ಮಕ್ಕಳುಮರಿಯೊಡನೆ ಹೊರಟುಬಿಡುತ್ತಾರೆ. ಟ್ರೇಲರೆಂದರೆ ಕೆಲವರಿಗೆ ದೋಣಿ, ಕೆಲವರಿಗೆ ಕುದುರೆಗಳ ಲಾಯ, ಬಹಳ ಮಂದಿಗೆ ಅಡಿಗೆಮನೆ, ಮಲಗುವ ಕೋಣೆ, ಬಚ್ಚಲು ಎಲ್ಲವೂ ಇರುವ ಉರುಳುವ ಮನೆ. ಅಲ್ಲಿ ನೆಲಸಿರುವ ನಮ್ಮವರ ಮಕ್ಕಳೂ ಮೊಮ್ಮಕ್ಕಳೂ ಈ ವಿನೋದಕ್ಕೆ ಹೊರತಲ್ಲ. ಅವರು ಕಳಿಸುವ ಚಿತ್ರಗಳಲ್ಲಿ ಇಂಥ ಜೋಡಿಗಾಡಿಯನ್ನು ನೀವು ಕಂಡಿದ್ದರೆ ಆಶ್ಚರ್ಯವೇನೂ ಇಲ್ಲ.

ಟ್ರೇಲರಿನ ಮೂಕಿಯು ಪಿಕಪ್ಪಿನ ಬಾಲದಲ್ಲಿರುವ ಒಂದು ಉಕ್ಕಿನ ಗುಂಡಿನ ಮೇಲೆ ಕೂರುತ್ತದೆ. ಮೂಕಿ ಅಲ್ಲಿ ಸ್ವಲ್ಪ ಭಾರವನ್ನು ಹಾಕಲೇಬೇಕು. ಸಾಮಾನ್ಯ ಟ್ರೇಲರಿಗೆ ಅದರ ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದರಷ್ಟು ಮೂಕಿಭಾರ ಇರಬೇಕೆಂಬುದು ಅಲ್ಲಿಯ ರೂಢಿ. ಅದಕ್ಕಿಂತ ಕಡಮೆಯಾದರೆ ಟ್ರೇಲರು ರಸ್ತೆಯಲ್ಲಿ ಹಾವಿನಂತೆ ಅತ್ತಿತ್ತ ತೂಗಾಡತೊಡಗುತ್ತದೆ. ಆಗ ಬೆದರಿ ಪಿಕಪ್ಪಿನ ಬ್ರೇಕನ್ನು ಒತ್ತಿದರೆ ಅನಾಹುತವೇ. ವೇಗದ ಪೆಡಲಿನಿಂದ ಕಾಲು ತೆಗೆದು, ಚುಕ್ಕಾಣಿಯನ್ನು ನೇರವಾಗಿ ಹಿಡಿದು, ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲನೆ ಹಾಕಬೇಕು. ಇರಲಿ. ಮೂಕಿಭಾರವನ್ನು ಕಡಮೆ ಮಾಡಿ ಪಾರಾಗುವ ಹಾಗಿಲ್ಲವೆಂಬುದು ಇಲ್ಲಿ ನಾವು ತಿಳಿಯತಕ್ಕ ಮಾತು.

ಹೀಗೆ ಮೂಕಿ ಕುಳಿತ ಕೂಡಲೆ ಪಿಕಪ್ಪಿನ ಹಿಂಭಾಗ ಕುಸಿಯುತ್ತದೆ, ಮೂಗು ಮೇಲೇಳುತ್ತದೆ. ರಾತ್ರಿ ಅದರ ದೀಪಗಳು ರಸ್ತೆಯನ್ನು ಬಿಟ್ಟು ಎದುರಿನಿಂದ ಬರುವವರ ಕಣ್ಣನ್ನು ಬೆಳಗುತ್ತವೆ. ಚುಕ್ಕಾಣಿ ಹಗುರವಾಗಿ, ತಿರುಗಿಸಿದರೂ ಗಾಡಿ ಒಂದು ಕ್ಷಣ ಯೋಚಿಸಿ ತಿರುಗುವಂತೆ ತೋರುತ್ತದೆ. ಹಳ್ಳ ಬಂದಾಗ ಹಿಂದಿನ ಅಚ್ಚು ಚೌಕಟ್ಟಿಗೆ ತಗುಲಿ ಧಡ್ ಎನ್ನುತ್ತದೆ. ನೋಡುವುದಕ್ಕೂ ಚೆನ್ನಾಗಿಲ್ಲ, ಕೂರುವುದಕ್ಕೂ ಸುಖವಿಲ್ಲ. ಯಜಮಾನ ಅಂಗಡಿಗೆ ಹೋಗುತ್ತಾನೆ. ಅಲ್ಲಿಯವನು, “ಸ್ವಾಮಿ, ಒಂದು ಜೊತೆ ಗಾಳಿಚೀಲ ಹಾಕಿಸಿ, ಎಲ್ಲ ಸರಿಹೋಗುತ್ತದೆ” ಎನ್ನುತ್ತಾನೆ.

ಗಾಳಿಚೀಲವೆಂದೊಡನೆ ಅಪಘಾತವಾದಾಗ ಚಕ್ಕನೆ ಉಬ್ಬಿ ಚಾಲಕನ ಎದೆಯನ್ನು ಕಾಪಾಡುವ ಚೀಲ ನಿಮ್ಮ ನೆನಪಿಗೆ ಬರಬಹುದು. ಅದು ಬೇರೆ, ಇದು ಬೇರೆ. ಇದು ಗಾಡಿಯ ಅಡಿಯಲ್ಲಿ, ಹಿಂದಿನ ಚಕ್ರಗಳ ಬಳಿ ಕೂರುವ ಗಾಳಿಯ ಸ್ಪ್ರಿಂಗು. ಟೈರಿನ ಹಾಗೆ ದಾರದ ನೆಯ್ಗೆಯುಳ್ಳ ಗಟ್ಟಿ ರಬ್ಬರಿನಿಂದ ಮಾಡಿದ್ದು. ಎರಡು ಕೋಡುಬಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಕಾಣುತ್ತದೆ. ಪಿಕಪ್ಪಿನ ಹಿಂದಿನ ಅಚ್ಚನ್ನು ಹಿಡಿದಿರುವುದು ಸಾಮಾನ್ಯವಾಗಿ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಗಳು, ನಮ್ಮ ಲಾರಿಯವರು ಕಮಾನು ಎನ್ನುವರಲ್ಲ, ಅವೇ. ಆ ಕಮಾನಿನ ನಡುಭಾಗಕ್ಕೂ ಮೇಲಿನ ಚೌಕಟ್ಟಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು, ಈ ಚೀಲಗಳನ್ನು ಬಿಗಿಯುತ್ತಾರೆ. ಹಲವು ಗಾಡಿಗಳಲ್ಲಿ ಅಲ್ಲಿ ಮೊದಲಿದ್ದ ರಬ್ಬರಿನ ತಡೆಗಟ್ಟೆಯನ್ನು ತೆಗೆದು ಆ ಜಾಗದಲ್ಲಿಯೇ ಕೂರಿಸುವುದುಂಟು. ಕಮಾನನ್ನು ತೆಗೆಯುವುದಿಲ್ಲ, ಚೀಲ ಅದಕ್ಕೆ ಹೆಗಲು ಕೊಡುವ ಸಹಾಯಕ ಮಾತ್ರ. ಪ್ರತಿಯೊಂದು ಚೀಲದಿಂದಲೂ ಒಂದು ಸಣ್ಣ ಕೊಳವೆ ಹೊರಟು ಗಾಡಿಯ ಹಿಂಬದಿಗೆ ಬಂದು, ಸೈಕಲ್ ಟ್ಯೂಬಿಗೆ ಇರುವಂಥ ಬಾಯಲ್ಲಿ ಮುಗಿಯುತ್ತದೆ. ಟೈರಿಗೆ ಗಾಳಿ ಹಾಕಿದಂತೆಯೇ ಇದಕ್ಕೂ ಹಾಕುವುದು. ಹೆಚ್ಚು ಹಣ ಕೊಡುವವರಿಗೆ ಗಾಡಿಯಲ್ಲಿಯೇ ಒಂದು ಪಂಪು, ಚಾಲಕನ ಕೈಗೆ ಎಟಕುವಲ್ಲಿ ಒಂದು ಗುಂಡಿ.

ಇಷ್ಟು ಸಣ್ಣ ಚೀಲ ಅಷ್ಟು ಭಾರವನ್ನು ಎತ್ತುವುದು ಹೇಗೆ? ಲೆಕ್ಕ ಸುಲಭ. ಒತ್ತಡವನ್ನು ಹರವಿನಿಂದ ಗುಣಿಸಿದರೆ ಬಲ ಬರುತ್ತದೆ. ಹದಿನೈದು ಸೆಂಟಿಮೀಟರು ಅಡ್ಡಳತೆಯ ಚೀಲವೆಂದು ಇಟ್ಟುಕೊಳ್ಳೋಣ. ಅದರ ಹರವು ಸುಮಾರು ೧೭೭ ಚದರ ಸೆಂಟಿಮೀಟರು. ಇಂಥ ಚೀಲಗಳಿಗೆ ಸಾಮಾನ್ಯವಾಗಿ ಚದರ ಅಂಗುಲಕ್ಕೆ ೧೦೦ ಪೌಂಡಿಗಿಂತ ಹೆಚ್ಚು ಗಾಳಿ ಹಾಕಕೂಡದೆಂದು ಕಟ್ಟಳೆ. ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ೭ ಕಿಲೋಗ್ರಾಂ. ಗುಣಿಸಿ ನೋಡಿ: ಒಂದು ಚೀಲಕ್ಕೆ ೧,೨೦೦ ಕಿಲೋಗ್ರಾಮಿಗೂ ಮೀರಿದ ಬಲ! ಅಲ್ಲದೆ ಗಾಳಿಗೆ ಇನ್ನೊಂದು ಗುಣವಿದೆ. ಸೈಕಲ್ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಹಿಡಿಯನ್ನು ಒತ್ತಿದರೆ ಮೊದಲು ಸಲೀಸಾಗಿ ಇಳಿಯುತ್ತದೆ. ಒತ್ತುತ್ತ ಹೋದಂತೆ ಮೊಂಡು ಹಿಡಿಯುತ್ತದೆ. ಗಾಳಿಯ ಸ್ಪ್ರಿಂಗೂ ಹಾಗೆಯೇ, ಅದುಮಿದಷ್ಟೂ ಬಿರುಸಾಗುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅನುಕೂಲವೆಂದರೆ ಇದರ ಬಿರುಸನ್ನು ನಮಗೆ ಬೇಕಾದಂತೆ ಹೊಂದಿಸಬಹುದು. ಬರಿಯ ಉಕ್ಕಿನ ಕಮಾನಿಗೆ ಈ ಸೌಕರ್ಯವಿಲ್ಲ. ಭಾರಕ್ಕೆಂದು ಬಿರುಸಾಗಿ ಮಾಡಿದರೆ ಬರಿಗಾಡಿ ಕುದುರೆಯಂತೆ ಕುಣಿಯುತ್ತದೆ. ಸುಖಕ್ಕೆಂದು ಮೆದುವಾಗಿ ಮಾಡಿದರೆ ಹೊರೆ ಬಿದ್ದಾಗ ಕುಸಿಯುತ್ತದೆ.

ಇದೇನೂ ನಿನ್ನೆಯ ಆಲೋಚನೆಯಲ್ಲ. ಗಾಳಿಯ ಸ್ಪ್ರಿಂಗಿಗೆ ೧೯೦೧ರಷ್ಟು ಹಿಂದೆಯೇ ಅಮೆರಿಕದಲ್ಲಿ ಹಂಫ್ರೀಸ್ ಎಂಬವರು ಪೇಟೆಂಟು ಪಡೆದಿದ್ದರು. ಮಿಚಿಗನ್ ಸಂಸ್ಥಾನದ ಲ್ಯಾನ್ಸಿಂಗ್ ಪಟ್ಟಣದಲ್ಲಿ ೧೯೪೯ರಲ್ಲಿ ಆರಂಭವಾದ ಏರ್ ಲಿಫ್ಟ್ ಎಂಬ ಕಂಪನಿ ಕಾರಿನ ಸುರುಳಿ ಸ್ಪ್ರಿಂಗಿನ ಒಳಗೆ ತೂರಿಸುವ ಚೀಲಗಳನ್ನು ಮಾಡಿತು. ಜನರಲ್ ಮೋಟರ್ಸ್ ಕಂಪನಿಯವರು ೧೯೫೩ರಲ್ಲಿ ಗಾಳಿಯ ಸ್ಪ್ರಿಂಗಿನ ಬಸ್ಸುಗಳನ್ನು ಮಾರುಕಟ್ಟೆಗೆ ತಂದರು. ಮರುವರ್ಷ ಗ್ರೇಹೌಂಡ್ ಕಂಪನಿಯ ಸೀನಿಕ್ರೂಸರ್ ಎಂಬ ಎತ್ತರದ ಬಸ್ಸು ಅದೇ ಗಾಳಿಯ ಮೇಲೆ ಖಂಡದ ಉದ್ದಗಲ ಓಡಾಡತೊಡಗಿತು. ೧೯೫೭ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೂಹಮ್ ಎಂಬ ಭಾರಿ ಬೆಲೆಯ ಕಾರಿಗೂ ಗಾಳಿಯ ಸ್ಪ್ರಿಂಗು ಬಂತು. ಆದರೆ ಗಾಳಿ ಸೋರಿ ಗಾಡಿ ನಿಂತಲ್ಲೇ ಕುಸಿದು ಕೂರುವ ರಗಳೆಯಿಂದ ಕಾರುಗಳಲ್ಲಿ ಅದು ಬೇಗನೆ ಹಿಂದೆ ಸರಿಯಿತು. ಬಸ್ಸಿನಲ್ಲಿ ಮಾತ್ರ ಭದ್ರವಾಗಿ ನಿಂತಿತು. ನಮ್ಮ ನಾಡಿನಲ್ಲಿಯೇ, ಹೊಸಕೋಟೆಯ ಕಾರ್ಖಾನೆಯಿಂದ ಹೊರಬಂದ ವೋಲ್ವೊ ಬಸ್ಸುಗಳಲ್ಲಿ ನೀವು ಮೈಸೂರಿಗೋ ಮಂಗಳೂರಿಗೋ ಪ್ರಯಾಣ ಮಾಡಿದ್ದರೆ, ಗಾಳಿಯ ಚೀಲಗಳ ಮೇಲೆ ಕುಳಿತೇ ಹೋಗಿದ್ದೀರಿ. ನಿಲ್ದಾಣದಲ್ಲಿ ಕೆಲವೊಮ್ಮೆ ಬಸ್ಸು ‘ಉಸ್ಸ್’ ಎಂದು ಉಸಿರು ಬಿಟ್ಟು ಸ್ವಲ್ಪ ಇಳಿಯುವುದು ಇದರಿಂದಲೇ.

ಆದರೆ ಒಂದು ಭೇದವನ್ನು ಮರೆಯಬಾರದು. ಆ ಬಸ್ಸನ್ನು ಮೊದಲಿನಿಂದಲೂ ಗಾಳಿಯ ಮೇಲೆ ನಿಲ್ಲಲೆಂದೇ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಪಿಕಪ್ಪಿಗೆ ಅಂಗಡಿಯಿಂದ ತಂದು ಹಾಕುವ ಚೀಲ ಆ ಲೆಕ್ಕಕ್ಕೆ ಆಮೇಲೆ ಸೇರಿದ ಅತಿಥಿ.

ಚೀಲ ಹಾಕಿಸಿ, ಗಾಳಿ ತುಂಬಿ, ಟ್ರೇಲರು ಕಟ್ಟಿದಾಗ ಬಾಲ ಮೊದಲಿನ ಎತ್ತರಕ್ಕೆ ಬಂದು ನಿಲ್ಲುತ್ತದೆ. ಮೇಲೆದ್ದಿದ್ದ ದೀಪದ ಬೆಳಕು ಮರಳಿ ರಸ್ತೆಗೆ ಇಳಿಯುತ್ತದೆ. ಹಳ್ಳದಲ್ಲಿ ಧಡ್ ಎನ್ನುವುದು ನಿಲ್ಲುತ್ತದೆ. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲುವುದೂ ಕಡಮೆಯಾಗುತ್ತದೆ. ಇವೆಲ್ಲ ನಿಜವಾದ ಲಾಭಗಳೇ, ಇಲ್ಲವೆನ್ನುವುದು ಅನ್ಯಾಯ. ಯಜಮಾನ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡುತ್ತಾನೆ. ಗಾಡಿ ಮಟ್ಟಸವಾಗಿ ನಿಂತಿದೆ. “ಸರಿ, ಈಗ ಇದು ಹೊರುತ್ತದೆ” ಎಂದುಕೊಳ್ಳುತ್ತಾನೆ. ತೊಡಕಿರುವುದು ಈ ಮಾತಿನಲ್ಲಿ.

ಏಕೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಟ್ರೇಲರಿನ ತೂಕ ೩,೦೦೦ ಕಿಲೋ; ಮೂಕಿಭಾರ ನೂರಕ್ಕೆ ೧೨ರಂತೆ ೩೬೦ ಕಿಲೋ. ಪಿಕಪ್ಪಿನ ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ೩.೬ ಮೀಟರು ದೂರ. ಹಿಂದಿನ ಅಚ್ಚಿನಿಂದ ಕೊಂಡಿಯ ಗುಂಡಿಗೆ ೧.೨ ಮೀಟರು. ಮಕ್ಕಳಾಡುವ ಏತದ ಹಲಗೆಯನ್ನು ನೆನೆಸಿಕೊಳ್ಳಿ. ಹಿಂದಿನ ಅಚ್ಚು ಹಲಗೆಯ ಆಧಾರವಿದ್ದಂತೆ. ಹಿಂದಿನ ತುದಿಯನ್ನು ಅದುಮಿದರೆ ಮುಂದಿನ ತುದಿ ಏಳುತ್ತದೆ. ಲೆಕ್ಕ ಮಾಡಿದರೆ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ ೧೨೦ ಕಿಲೋ ಕಡಮೆಯಾಗುತ್ತದೆ. ಹಿಂದಿನ ಅಚ್ಚಿನ ಮೇಲೆ ೩೬೦ ಅಲ್ಲ, ೪೮೦ ಕಿಲೋ ಹೆಚ್ಚುತ್ತದೆ. ಈಗ ಚೀಲಕ್ಕೆ ಗಾಳಿ ತುಂಬಿರಿ. ಬಾಲ ಏಳುತ್ತದೆ. ಮುಂದಿನ ೧೨೦ ಕಿಲೋ ಮರಳಿ ಬಂತೆ? ಇಲ್ಲ. ಹಿಂದಿನ ೪೮೦ ಕಡಮೆಯಾಯಿತೆ? ಅದೂ ಇಲ್ಲ. ಭಾರ ಇದ್ದಲ್ಲಿಯೇ ಇದೆ. ಅದನ್ನು ಹೊರುವ ಕೆಲಸದಲ್ಲಿ ಒಂದು ಪಾಲು ಕಮಾನಿನಿಂದ ಚೀಲಕ್ಕೆ ಹೋಯಿತು, ಅಷ್ಟೆ. ಅಚ್ಚು, ಅದರ ಬೇರಿಂಗು, ಚಕ್ರ, ಟೈರು ಇವುಗಳಿಗೆ ಮೇಲಿರುವುದು ಉಕ್ಕೋ ಗಾಳಿಯೋ ತಿಳಿಯದು.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಲು ಒಂದು ಅಳತೆಯ ಟೇಪು ಸಾಕು. ಟ್ರೇಲರು ಕಟ್ಟುವ ಮೊದಲು ನಾಲ್ಕು ಚಕ್ರಗಳ ಮೇಲಿನ ಕಮಾನಿನಂಚೂ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಬರೆದುಕೊಳ್ಳಬೇಕು. ಕಟ್ಟಿದ ಮೇಲೆ ಹಿಂದೆ ಇಳಿದಿರುತ್ತದೆ, ಮುಂದೆ ಏರಿರುತ್ತದೆ. ಗಾಳಿ ತುಂಬಿದ ಮೇಲೆ ಮತ್ತೆ ಅಳೆದರೆ ಹಿಂದಿನ ಎತ್ತರ ಸರಿಹೋಗಿರುತ್ತದೆ. ಮುಂದಿನದು ಮಾತ್ರ ಏರಿದ್ದಲ್ಲಿಯೇ ನಿಂತಿರುತ್ತದೆ. ಮುಂದಿನ ಸ್ಪ್ರಿಂಗಿನ ಮೇಲಿನ ಭಾರ ಮರಳಿ ಬಂದಿಲ್ಲವಾದ್ದರಿಂದ ಅದು ಮರಳಿ ಇಳಿಯಲಾರದು. ಹಿಂದಿನಂಚೂ ಮುಂದಿನಂಚೂ ಸರಿಸಮವಾಗಿ ಕಾಣುವುದರಿಂದ ಕಣ್ಣು ಒಪ್ಪಿಬಿಡುತ್ತದೆ. ಟೇಪು ಒಪ್ಪುವುದಿಲ್ಲ.

ಮುಂದಿನ ಚಕ್ರ ಸ್ವಲ್ಪ ಹಗುರವಾದರೆ ಮುಳುಗಿಹೋಯಿತೆ ಎಂದು ನೀವು ಕೇಳಬಹುದು. ಗಾಡಿಯನ್ನು ತಿರುಗಿಸುವುದು ಮುಂದಿನ ಚಕ್ರಗಳು. ನಿಲ್ಲಿಸುವ ಕೆಲಸದಲ್ಲಿಯೂ ಹೆಚ್ಚಿನ ಪಾಲು ಅವುಗಳದೇ. ಕೊಲರಾಡೊ ಸಂಸ್ಥಾನದಲ್ಲಿ ಡೆನ್ವರ್ ನಗರದಿಂದ ಪಶ್ಚಿಮಕ್ಕೆ ಹೋಗುವ ಹೆದ್ದಾರಿ ರಾಕಿ ಪರ್ವತವನ್ನು ಏರಿ, ೧೯೭೩ರಲ್ಲಿ ತೆರೆದ ಐಸೆನ್‌ಹೋವರ್ ಸುರಂಗವನ್ನು ಹಾದುಹೋಗುತ್ತದೆ. ಸುರಂಗ ಇರುವುದು ಸಮುದ್ರಮಟ್ಟಕ್ಕೆ ೧೧,೦೦೦ ಅಡಿಗೂ ಮೇಲೆ. ಅಲ್ಲಿಂದಾಚೆಗೆ ಮೈಲಿಗಟ್ಟಲೆ ಇಳಿಜಾರು, ತಿರುವು. ಮಳೆ ಬಿದ್ದು ರಸ್ತೆ ಒದ್ದೆಯಾಗಿದೆ. ಹಿಂದಿನಿಂದ ಮೂರು ಟನ್ನು ತಳ್ಳುತ್ತಿದೆ. ಮುಂದಿನ ಟೈರು ನೆಲವನ್ನು ಹಿಡಿಯಬೇಕಾದಷ್ಟು ಹಿಡಿಯುತ್ತಿಲ್ಲ. ಅಲ್ಲಿ ಆ ೧೨೦ ಕಿಲೋ ಸಣ್ಣ ಮಾತಲ್ಲ. ಬಾಲ ಕುಸಿದಿದ್ದಾಗ ಚಾಲಕನಿಗೆ ಹೆದರಿಕೆಯಾದರೂ ಇತ್ತು, ನಿಧಾನವಾಗಿ ಹೋಗುತ್ತಿದ್ದ. ಚೀಲ ಬಂದು ಹೆದರಿಕೆಯನ್ನು ತೆಗೆದುಹಾಕಿತು.

ಇನ್ನೊಂದು ಲೆಕ್ಕವುಂಟು. ಪಿಕಪ್ಪಿನ ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತದೆ. ಜನ ಮತ್ತು ಸಾಮಾನು ಸೇರಿ ಇಷ್ಟು ತೂಕವನ್ನು ಮೀರಕೂಡದೆಂದು ಅದರಲ್ಲಿ ಅಚ್ಚಾಗಿರುತ್ತದೆ. ಅಚ್ಚುಗಳು ತಲಾ ಎಷ್ಟು ಹೊರಬಲ್ಲವು, ಇಡೀ ಗಾಡಿ ಎಷ್ಟು ಹೊರಬಲ್ಲದು ಎಂಬುದೂ ಅಲ್ಲಿಯೇ ಇರುತ್ತದೆ. ಮೂಕಿಭಾರವೂ ಸಾಮಾನಿನ ಲೆಕ್ಕಕ್ಕೇ ಸೇರತಕ್ಕದ್ದು. ಚೀಟಿಯಲ್ಲಿ ೬೫೦ ಕಿಲೋ ಎಂದಿದೆಯೆನ್ನಿ. ಗಂಡ, ಹೆಂಡತಿ, ಬೆಳೆದ ಇಬ್ಬರು ಮಕ್ಕಳು, ೨೮೦ ಕಿಲೋ. ತೊಟ್ಟಿಯಲ್ಲಿ ಸೌದೆ, ನೀರು, ಸೈಕಲ್ಲು, ನಾಯಿಯ ಪಂಜರ ಎಲ್ಲ ಸೇರಿ ೧೦೦. ಮೂಕಿಭಾರ ೩೬೦. ಒಟ್ಟು ೭೪೦; ಆಗಲೇ ೯೦ ಕಿಲೋ ಮೀರಿತು. ಜಾಹೀರಾತಿನಲ್ಲಿ ಈ ಗಾಡಿ ನಾಲ್ಕೂವರೆ ಟನ್ನು ಎಳೆಯಬಲ್ಲುದೆಂದು ದೊಡ್ಡ ಅಕ್ಷರದಲ್ಲಿರುತ್ತದೆ. ಎಳೆಯಬಹುದು, ಎಂಜಿನ್ನಿಗೆ ಅಷ್ಟು ಶಕ್ತಿಯುಂಟು. ಹೊರುವ ಶಕ್ತಿ ಅದಕ್ಕಿಂತ ಮೊದಲೇ ಮುಗಿದುಹೋಗಿರುತ್ತದೆ. ಚೀಲದ ಪೆಟ್ಟಿಗೆಯ ಮೇಲೆ ೫,೦೦೦ ಪೌಂಡು, ಅಂದರೆ ಸುಮಾರು ೨,೨೭೦ ಕಿಲೋ, ಎಂದು ಬರೆದಿರುವುದನ್ನು ಕಂಡು ಗಾಡಿಗೆ ಅಷ್ಟು ಶಕ್ತಿ ಕೂಡಿಕೊಂಡಿತೆಂದು ತಿಳಿಯುವವರಿದ್ದಾರೆ. ಅದು ಚೀಲಗಳ ಶಕ್ತಿಯೇ ಹೊರತು ಗಾಡಿಯದಲ್ಲ. ಮಾಡುವ ಕಂಪನಿಗಳವರು ಈ ಮಾತನ್ನು ತಮ್ಮ ಕೈಪಿಡಿಯಲ್ಲಿ ತಪ್ಪದೆ ಅಚ್ಚು ಹಾಕುತ್ತಾರೆ, ಅಲ್ಲಿಯ ಅಕ್ಷರಗಳು ಮಾತ್ರ ಪೆಟ್ಟಿಗೆಯ ಮೇಲಿನವುಗಳಷ್ಟು ದಪ್ಪವಾಗಿರುವುದಿಲ್ಲ.

ಮಿತಿಮೀರಿದರೆ ಏನಾದೀತೆಂಬುದಕ್ಕೆ ಆಸ್ಟ್ರೇಲಿಯದಿಂದ ಸಾಕ್ಷಿ ಬಂದಿದೆ. ಅಲ್ಲಿ ಪಿಕಪ್ಪನ್ನು ಯೂಟ್ ಎನ್ನುತ್ತಾರೆ. ಆ ಹೆಸರಿನ ಹಿಂದೆ ಒಂದು ಸೊಗಸಾದ ಕಥೆಯಿದೆ. ಭಾನುವಾರ ಚರ್ಚಿಗೆ ಹೋಗಲೂ ಸೋಮವಾರ ಹಂದಿಗಳನ್ನು ಸಂತೆಗೆ ಒಯ್ಯಲೂ ಆಗುವಂಥ ಒಂದೇ ಗಾಡಿ ಮಾಡಿಕೊಡಿ ಎಂದು ವಿಕ್ಟೋರಿಯದ ರೈತನ ಹೆಂಡತಿಯೊಬ್ಬಳು ಫೋರ್ಡ್ ಕಂಪನಿಗೆ ಬರೆದಳಂತೆ. ಅಲ್ಲಿಯ ಲ್ಯೂ ಬ್ಯಾಂಟ್ ಎಂಬ ತರುಣ ಶಿಲ್ಪಿ ಅದನ್ನು ರೂಪಿಸಿ ೧೯೩೪ರಲ್ಲಿ ಗಾಡಿ ಹೊರಬಂತು. ಆ ದೇಶದ ಒಳನಾಡಿನಲ್ಲಿ ಮಣ್ಣಿನ ರಸ್ತೆಗಳು ಅಲೆಅಲೆಯಾಗಿ ಉಬ್ಬಿತಗ್ಗಿ ನೂರಾರು ಮೈಲಿ ಹೋಗುತ್ತವೆ. ಗಾಳಿಚೀಲ ಹಾಕಿಸಿ, ತೊಟ್ಟಿ ತುಂಬ ಹೇರಿ, ಹಿಂದೆ ಮನೆಗಾಡಿಯನ್ನು ಕಟ್ಟಿ ಆ ರಸ್ತೆಯಲ್ಲಿ ಓಡಿಸಿದವರ ಯೂಟುಗಳು ನಡು ಮುರಿದುಕೊಂಡು, ಕೋಣೆಗೂ ತೊಟ್ಟಿಗೂ ನಡುವೆ ಚೌಕಟ್ಟು ಬಾಗಿ ನಿಂತ ಪ್ರಸಂಗಗಳು ಅಲ್ಲಿ ಚೆನ್ನಾಗಿ ಗೊತ್ತಿರುವಂಥವು. ಕಾರಣ ಸ್ಪಷ್ಟ. ಉಕ್ಕಿನ ಕಮಾನು ಭಾರವನ್ನು ಚೌಕಟ್ಟಿಗೆ ಮುಟ್ಟಿಸುವುದು ತನ್ನ ಎರಡು ತುದಿಗಳಲ್ಲಿ, ಅಚ್ಚಿನ ಮುಂದೊಂದು ಕಡೆ, ಹಿಂದೊಂದು ಕಡೆ. ಚೀಲವಾದರೋ ಆ ಎರಡರ ನಡುವೆ, ಅಚ್ಚಿನ ನೇರದಲ್ಲಿ, ಒಂದೇ ಜಾಗದಲ್ಲಿ ಒತ್ತುತ್ತದೆ. ಕೋಲಿನ ಎರಡು ತುದಿ ಹಿಡಿದು ಹೊರುವುದಕ್ಕೂ ನಡುವೆ ಮೊಳಕಾಲು ಕೊಟ್ಟು ಒತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಸೌದೆ ಮುರಿದವರು ಬಲ್ಲರು. ಮಿತಿಯೊಳಗಿನ ಹೊರೆಗೆ ಇದರಿಂದ ಬಾಧಕವಿಲ್ಲ. ಮೀರಿದ ಹೊರೆಗೆ, ಅದರಲ್ಲಿಯೂ ಬಿರುಸಾಗಿ ಗಾಳಿ ತುಂಬಿ ಹಳ್ಳದಿಣ್ಣೆಯಲ್ಲಿ ಓಡಿಸಿದಾಗ, ಚೌಕಟ್ಟು ತಾಳದು.

ಹಾಗಾದರೆ ಮುಂದಿನ ಚಕ್ರಕ್ಕೆ ಭಾರವನ್ನು ಮರಳಿಸುವ ಉಪಾಯವೇ ಇಲ್ಲವೆ? ಇದೆ, ಅದು ಬೇರೆ ಸಾಧನ. ಭಾರ ಹಂಚುವ ಕೊಂಡಿ ಎಂದು ಅದನ್ನು ಕರೆಯೋಣ. ಕೊಂಡಿಯಿಂದ ಎರಡು ಉಕ್ಕಿನ ಬಾರುಗಳು ಹಿಂದಕ್ಕೆ ಚಾಚಿ ಟ್ರೇಲರಿನ ಮೂಕಿಗೆ ಬಿಗಿಯಾಗಿ ಹತ್ತಿಕೊಂಡಿರುತ್ತವೆ. ಒಂಟಿಚಕ್ರದ ಕೈಗಾಡಿಯನ್ನು ಹಿಡಿಯಿಂದ ಎತ್ತಿದರೆ ಭಾರ ಮುಂದಿನ ಚಕ್ರಕ್ಕೆ ಹೋಗುವುದಲ್ಲವೆ? ಅದೇ ರೀತಿ ಈ ಬಾರುಗಳು ಪಿಕಪ್ಪಿನ ಬಾಲವನ್ನು ಹಿಂದಿನಿಂದ ಎತ್ತಿಹಿಡಿಯುತ್ತವೆ. ನಮ್ಮ ಉದಾಹರಣೆಯ ಗಾಡಿಗೆ, ಕೊಂಡಿಯಿಂದ ಟ್ರೇಲರಿನ ಅಚ್ಚಿಗೆ ೫ ಮೀಟರು ದೂರವೆಂದರೆ, ಬಾರುಗಳನ್ನು ಪೂರ್ತಿ ಬಿಗಿದಾಗ ಕಳೆದುಹೋಗಿದ್ದ ೧೨೦ ಕಿಲೋ ಮುಂದಿನ ಚಕ್ರಗಳಿಗೆ ಮರಳುತ್ತದೆ. ಹಿಂದಿನ ಅಚ್ಚಿನ ಮೇಲೆ ೪೮೦ರ ಬದಲು ೨೯೦ ಉಳಿಯುತ್ತದೆ. ಮಿಕ್ಕ ೭೦ ಟ್ರೇಲರಿನ ಅಚ್ಚಿಗೆ ಹೋಗುತ್ತದೆ. ಇದನ್ನು ಹಂಚುವಿಕೆ ಎನ್ನಬಹುದು. ಚೀಲ ಮಾಡುವುದು ಎತ್ತುವುದು ಮಾತ್ರ. ಎಷ್ಟು ಪಾಲು ಮರಳಿಸಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಕೈಪಿಡಿಯಲ್ಲಿ ನೋಡಿಯೇ ಮಾಡಬೇಕು. ಕೊಂಡಿ, ಚೀಲ ಎರಡನ್ನೂ ಇಟ್ಟುಕೊಳ್ಳುವವರು ಹಿಂದಿನ ಎತ್ತರವನ್ನು ನಂಬದೆ ಮುಂದಿನ ಎತ್ತರವನ್ನು ಅಳೆಯಬೇಕು.

ಚೀಲ ನಿಜವಾಗಿ ಶೋಭಿಸುವುದು ಇನ್ನೊಂದು ಬಗೆಯ ಟ್ರೇಲರಿನಲ್ಲಿ. ಅದರ ಮೂಕಿ ಬಾಲಕ್ಕೆ ಬರದೆ ತೊಟ್ಟಿಯ ಒಳಗೆ, ಹಿಂದಿನ ಅಚ್ಚಿನ ನೇರದಲ್ಲಿಯೋ ಸ್ವಲ್ಪ ಮುಂದೆಯೋ ಕೂರುತ್ತದೆ. ಆಗ ಮುಂದಿನ ಚಕ್ರ ಹಗುರವಾಗುವ ಪ್ರಶ್ನೆಯೇ ಇಲ್ಲ. ಆದರೆ ಮೂಕಿಭಾರ ನೂರಕ್ಕೆ ೧೫ರಿಂದ ೨೫ರಷ್ಟಿರುವುದರಿಂದ ಬಾಲ ಕುಸಿಯುವುದು ಹೆಚ್ಚು. ಅಲ್ಲಿ, ಬಾಗಿಲಿನ ಚೀಟಿಯ ಮಿತಿಯೊಳಗೆ, ಗಾಳಿಚೀಲಕ್ಕಿಂತ ಒಳ್ಳೆಯ ಸಹಾಯಕನಿಲ್ಲವೆಂದು ನನ್ನ ಎಣಿಕೆ. ಪಿಕಪ್ಪಿನ ತೊಟ್ಟಿಯಲ್ಲಿಯೇ ಒಂದು ಪುಟ್ಟ ಮನೆಯನ್ನು ಇಟ್ಟುಕೊಂಡು ಹೋಗುವವರಿಗೂ ಅದು ಉಪಯುಕ್ತ. ನೀರಿನ ತೊಟ್ಟಿಯೋ ಒಲೆಯೋ ಒಂದೇ ಪಕ್ಕದಲ್ಲಿದ್ದು ಗಾಡಿ ವಾಲಿದರೆ ಆ ಕಡೆಯ ಚೀಲಕ್ಕೆ ತುಸು ಹೆಚ್ಚು ಗಾಳಿ ಹಾಕಿ ಸರಿಮಾಡಬಹುದು.

ಎಲ್ಲಕ್ಕೂ ಕೊನೆಯ ತೀರ್ಪು ತಕ್ಕಡಿಯದು. ಅಮೆರಿಕದ ಹೆದ್ದಾರಿಗಳಲ್ಲಿ ಲಾರಿಗಳು ತಂಗುವ ಕಡೆ ೧೯೭೭ರಿಂದ ಕ್ಯಾಟ್ ಎಂಬ ಹೆಸರಿನ ತೂಕದ ಕಟ್ಟೆಗಳಿವೆ. ಕಟ್ಟೆ ಬೇರೆಬೇರೆ ಭಾಗಗಳಾಗಿರುವುದರಿಂದ ಮುಂದಿನ ಅಚ್ಚು, ಹಿಂದಿನ ಅಚ್ಚು, ಟ್ರೇಲರಿನ ಅಚ್ಚುಗಳ ತೂಕ ಬೇರೆಬೇರೆಯಾಗಿ ಚೀಟಿಯಲ್ಲಿ ಅಚ್ಚಾಗಿ ಬರುತ್ತದೆ. ಟ್ರೇಲರು ಕಟ್ಟಿಕೊಂಡು ಒಮ್ಮೆ, ಬಿಚ್ಚಿಟ್ಟು ಒಮ್ಮೆ ತೂಗಿಸಿದರೆ ಮೂಕಿಭಾರವೂ ಮುಂದಿನ ಚಕ್ರದ ನಷ್ಟವೂ ಕಾಗದದ ಮೇಲೆ ಕಾಣುತ್ತವೆ. ಚೀಲಕ್ಕೆ ಕೊಡುವ ಹಣದ ಮುಂದೆ ಈ ತೂಕದ ಶುಲ್ಕ ಏನೂ ಅಲ್ಲ. ಚೀಲ ಕೊಳ್ಳುವ ಮೊದಲೇ ಹೋಗಿ ತೂಗಿಸುವುದು ಜಾಣತನ. ಎಷ್ಟೋ ವೇಳೆ, ಬೇಕಾದುದು ಚೀಲವಲ್ಲ, ತೊಟ್ಟಿಯಲ್ಲಿರುವ ನಾಲ್ಕು ಪೆಟ್ಟಿಗೆಗಳನ್ನು ಮನೆಯಲ್ಲಿ ಬಿಟ್ಟುಬರುವುದು ಎಂದು ಆ ಚೀಟಿಯೇ ಹೇಳಿಬಿಡುತ್ತದೆ.

ಇಷ್ಟೆಲ್ಲ ತಿಳಿದು ಹಾಕಿಸುವವರಿಗೆ ಇನ್ನು ಕೆಲವು ಮಾತು. ಎರಡು ಚೀಲಗಳ ಕೊಳವೆಗಳನ್ನು ಒಂದಕ್ಕೊಂದು ಕೂಡಿಸಿ ಒಂದೇ ಬಾಯಿ ಇಡುವುದು ಅಗ್ಗವೇನೋ ಹೌದು. ಆದರೆ ತಿರುವಿನಲ್ಲಿ ಅದುಮಿದ ಕಡೆಯ ಗಾಳಿ ಇನ್ನೊಂದು ಕಡೆಗೆ ನುಗ್ಗಿ ಗಾಡಿ ಮತ್ತಷ್ಟು ವಾಲುತ್ತದೆ. ಬೇರೆಬೇರೆ ಬಾಯಿಗಳೇ ಇರಲಿ. ಹೊಗೆಕೊಳವೆ ಚೀಲದ ಹತ್ತಿರ ಹಾದುಹೋಗುವ ಗಾಡಿಯಲ್ಲಿ ನಡುವೆ ತಗಡಿನ ಮರೆ ಇರಲೇಬೇಕು. ಬ್ರೇಕಿನ ಕೊಳವೆಯಾಗಲಿ ತಂತಿಯಾಗಲಿ ಚೀಲ ಉಬ್ಬಿದಾಗ ಉಜ್ಜುವಂತಿರಬಾರದು. ಕೆಲವು ಹಳೆಯ ಪಿಕಪ್ಪುಗಳಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಕೊಡಬೇಕೆಂಬುದನ್ನು ಗಾಡಿಯ ಎತ್ತರ ನೋಡಿ ನಿರ್ಧರಿಸುವ ಒಂದು ಕವಾಟ ಇರುತ್ತದೆ. ಬಾಲ ಇಳಿದಿದ್ದರೆ ಹೊರೆಯಿದೆ ಎಂದು ತಿಳಿದು ಅದು ಹೆಚ್ಚು ಒತ್ತಡ ಬಿಡುತ್ತದೆ. ಚೀಲ ಬಾಲವನ್ನು ಎತ್ತಿದರೆ ಅದು ಗಾಡಿ ಬರಿದಾಗಿದೆಯೆಂದು ಮೋಸಹೋಗಿ, ತುಂಬಿದ ಗಾಡಿಗೆ ಅರ್ಧ ಬ್ರೇಕು ಕೊಟ್ಟು ಕೂರುತ್ತದೆ. ಅಂಥ ಗಾಡಿಗೆ ಚೀಲ ಹಾಕಿಸುವ ಮುಂಚೆ ಬಲ್ಲ ಮೆಕ್ಯಾನಿಕ್ಕನ್ನು ಕೇಳಲೇಬೇಕು.

ಹೊಸದಾಗಿ ಹಾಕಿಸಿದ ದಿನ ಎಲ್ಲ ಜೋಡಣೆಗಳ ಮೇಲೂ ಸಾಬೂನಿನ ನೀರು ಬಳಿದು ಗುಳ್ಳೆ ಬರುವುದೋ ನೋಡಬೇಕು. ಮರುದಿನ ಬೆಳಗ್ಗೆ ಮತ್ತೆ ಒತ್ತಡ ಅಳೆಯಬೇಕು. ಚಳಿಯ ರಾತ್ರಿ ಕಳೆದ ಮೇಲೆ ಒಳಗಿನ ಗಾಳಿ ಕುಗ್ಗಿ ಎತ್ತರ ತುಸು ಇಳಿದಿದ್ದರೆ ಸೋರಿತೆಂದು ಗಾಬರಿಯಾಗಬೇಕಾಗಿಲ್ಲ. ಟೈರು ಬಿಚ್ಚಲು ಗಾಡಿಯನ್ನು ಚೌಕಟ್ಟಿನಿಂದ ಎತ್ತಿದರೆ ಅಚ್ಚು ಕೆಳಕ್ಕೆ ಜೋತು ಚೀಲ ಹಿಗ್ಗಿ ಹರಿಯುವ ಸಂಭವವುಂಟು. ಅಚ್ಚಿಗೇ ಜಾಕನ್ನು ಕೊಡುವುದು ಲೇಸು. ಪ್ರಯಾಣ ಮುಗಿದು ಟ್ರೇಲರನ್ನು ಬಿಚ್ಚಿದ ಮೇಲೆ ತುಂಬಿದ ಗಾಳಿಯನ್ನು ಹಾಗೆಯೇ ಬಿಟ್ಟರೆ ಬರಿಗಾಡಿ ಬಾಲ ಎತ್ತಿಕೊಂಡು ನೆಗೆಯುತ್ತ ಹೋಗುತ್ತದೆ. ಗಾಳಿಯನ್ನು ಬಿಡಬೇಕು, ಆದರೆ ಪೂರ್ತಿಯಾಗಿ ಬಿಡಕೂಡದು. ಬರಿದಾದ ಚೀಲ ತನ್ನ ಮಡಿಕೆಗಳ ನಡುವೆ ತಾನೇ ಸಿಕ್ಕಿ ಹರಿಯುತ್ತದೆ. ಸಾಮಾನ್ಯವಾಗಿ ಚದರ ಅಂಗುಲಕ್ಕೆ ೫ ಪೌಂಡಿನಷ್ಟು ಯಾವಾಗಲೂ ಉಳಿದಿರಬೇಕು. ಟೈರಿಗೆ ಗಾಳಿ ನೋಡುವ ದಿನವೇ ಇದನ್ನೂ ನೋಡಿಬಿಟ್ಟರೆ ಬೇರೆ ಜ್ಞಾಪಕ ಇಟ್ಟುಕೊಳ್ಳುವ ತೊಂದರೆಯಿಲ್ಲ.